ಕೆಂಗೇರಿಯ ಊನಾ

ಕೆಂಗೇರಿ ಉಪನಗರದಿಂದ ಸ್ವಲ್ಪ ಆಚೆ, ಈಗ ಅಪಾರ್ಟ್‌ಮೆಂಟುಗಳು ಎದ್ದಿರುವ ಜಾಗದಲ್ಲಿ, ಒಂದು ಕಾಲಕ್ಕೆ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥಾಲಯವಿತ್ತು. ಊನಾ ಬೆಳೆದದ್ದು ಅಲ್ಲಿ. ಹುಟ್ಟಿ ವಾರವೂ ಆಗಿರದ ಅವಳನ್ನು ಯಾರೋ ಸೀರೆಯ ತುಂಡಿನಲ್ಲಿ ಸುತ್ತಿ ಗೇಟಿನ ಬುಡದಲ್ಲಿ ಬಿಟ್ಟು ಹೋಗಿದ್ದರು. ಎತ್ತಿಕೊಂಡವರು ಸಿಸ್ಟರ್ ಈಟಾ. ಐರ್ಲೆಂಡಿನವರು. ತರುಣಿಯಾಗಿದ್ದಾಗ ಹಡಗು ಹತ್ತಿ ಬಂದು, ಇಲ್ಲೇ ಮುದುಕಿಯಾದವರು. ಅವರ ಕನ್ನಡದಲ್ಲಿ ಟ ಮತ್ತು ತ ಒಂದೇ ಆಗಿದ್ದವು, ಆದರೆ ವ್ಯಾಕರಣ ಮಾತ್ರ ಊರಿನ ಮೇಷ್ಟ್ರಿಗಿಂತ ಶುದ್ಧವಾಗಿತ್ತು.

ಬಿಟ್ಟು ಹೋದ ಹೆಣ್ಣುಮಕ್ಕಳಿಗೆಲ್ಲ ಸಿಸ್ಟರ್ ಈಟಾ ತಮ್ಮ ಊರಿನ ಹೆಸರುಗಳನ್ನೇ ಇಡುತ್ತಿದ್ದರು. ನೋರಾ, ಮೇವ್, ಬ್ರೀಡ್, ಊನಾ. ಬೇರೆ ಸಿಸ್ಟರುಗಳು ಯಾಕೆ ಹೀಗೆ ಎಂದು ಕೇಳಿದರೆ ಅವರದೊಂದು ಉತ್ತರವಿತ್ತು.

"ಇಲ್ಲಿಯ ಹೆಸರು ಇಟ್ಟರೆ ಜನರು ಅದರೊಳಗೆ ಜಾತಿಯನ್ನು ಹುಡುಕುತ್ತಾರೆ. ನನ್ನ ಊರಿನ ಹೆಸರಿನಲ್ಲಿ ಹುಡುಕಲಿ, ನೋಡೋಣ."

ಜನ ಜಾತಿ ಹುಡುಕಲಿಲ್ಲ. ಅರ್ಥ ಹುಡುಕಿದರು. ಊರಿನ ಸರ್ಕಾರಿ ಶಾಲೆಯಲ್ಲಿ ರಾಮಯ್ಯ ಮೇಷ್ಟ್ರು ಮೊದಲ ದಿನ ಹಾಜರಿ ಕೂಗಿದಾಗ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇವ್ ಅಂದರೆ ದನಕ್ಕೆ ಹಾಕುವ ಮೇವು. ನೋರಾ ಅಂದರೆ ಹಾಲಿನ ಮೇಲಿನ ನೊರೆ. ಅವಕ್ಕೆ ನಕ್ಕು ಸುಮ್ಮನಾಗಬಹುದಿತ್ತು. ಊನಾ ಎಂದಾಗ ಮೇಷ್ಟ್ರೇ ತಲೆ ಎತ್ತಿ ಅವಳ ಕೈಕಾಲು ನೋಡಿದರು.

"ಎಲ್ಲಾ ಸರಿಯಾಗೇ ಇದೆಯಲ್ಲಮ್ಮ, ಮತ್ಯಾಕೆ ಈ ಹೆಸರು?"

ಅಳುತ್ತ ಬಂದ ಹುಡುಗಿಯರನ್ನು ಸಿಸ್ಟರ್ ಈಟಾ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡರು. ಮೇವ್ ಅನ್ನುವುದು ಒಬ್ಬ ಹಳೆಯ ರಾಣಿಯ ಹೆಸರು, ನೋಡಿದವರಿಗೆ ಮತ್ತೇರಿಸುವವಳು ಎಂದು ಅದರ ಅರ್ಥ. ನೋರಾ ಅಂದರೆ ಮರ್ಯಾದೆ. ಬ್ರೀಡ್ ಅಂದರೆ ಎತ್ತರದಲ್ಲಿರುವವಳು.

"ನಾನು?" ಎಂದಳು ಊನಾ.

"ನೀನು ಕುರಿಮರಿ. ನಮ್ಮ ಕಡೆ ಚಳಿಗಾಲ ಮುಗಿಯುವಾಗ ಕುರಿಮರಿಗಳು ಹುಟ್ಟುತ್ತವೆ. ಅವು ಬಂದವೆಂದರೆ ಇನ್ನು ಕಷ್ಟ ಮುಗಿಯಿತು ಎಂದು ಲೆಕ್ಕ."

"ನೀವು, ಸಿಸ್ಟರ್?"

"ಈಟಾ ಎಂದರೆ ಬಾಯಾರಿಕೆ," ಎಂದು ನಕ್ಕು ಅವರು ಕಾಫಿ ಲೋಟ ಎತ್ತಿದರು.

ಕುರಿಮರಿ ಎನ್ನುವುದನ್ನು ಊನಾ ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಅದನ್ನು ಬೇರೆ ಯಾರಿಗೂ ಹೇಳಿ ನಂಬಿಸಲು ಅವಳಿಗೆ ಆಗಲಿಲ್ಲ. ಹೊಲಿಗೆ ಕಲಿಯಲು ಹೋದಲ್ಲಿ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಹೆಸರು ಹೇಳಿದೊಡನೆ ಎದುರಿನವರ ಕಣ್ಣು ಒಮ್ಮೆ ಅವಳ ಮೈಮೇಲೆ ಓಡಾಡಿ ಬರುತ್ತಿತ್ತು. ಎಲ್ಲಿ ಊನ, ಎಂದು.

ಅವಳಿಗೆ ಇಪ್ಪತ್ತೆರಡು ತುಂಬಿದಾಗ ಕರಿಬಸಪ್ಪ ಹೆಣ್ಣು ಕೇಳಿಕೊಂಡು ಬಂದ. ಗದಗಿನ ಕಡೆಯವನು. ನಾಯಂಡಹಳ್ಳಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡು ಬಡಿಯುವ ಕೆಲಸ. ತಂದೆ ಇಲ್ಲ, ಆಸ್ತಿ ಇಲ್ಲ, ಊರಲ್ಲಿ ಹೆಣ್ಣು ಸಿಕ್ಕಿರಲಿಲ್ಲ. ಅನಾಥಾಲಯದ ಹುಡುಗಿಯರು ಅಡುಗೆ, ಹೊಲಿಗೆ ಬಲ್ಲವರು, ಮೆತ್ತಗಿನವರು ಎಂದು ಯಾರೋ ಹೇಳಿದ್ದರು. ಅವನೂ ಮೆತ್ತಗಿನವನೇ. ಸಿಸ್ಟರ್ ಈಟಾ ಎದುರು ಟೋಪಿ ತೆಗೆದು ನಿಂತು, "ಚಲೋ ನೋಡ್ಕೋತೀನ್ರಿ" ಎಂದಷ್ಟೇ ಹೇಳಿದ. ಆ ಒಂದು ಮಾತಿಗೆ ಊನಾ ಒಪ್ಪಿದಳು.

ನಾಯಂಡಹಳ್ಳಿಯ ಶೀಟಿನ ಮನೆಯಲ್ಲಿ ಅವನ ತಾಯಿ ಮುತ್ತವ್ವ ಇದ್ದಳು. ಅಕ್ಕಿ ತುಂಬಿದ ಸೇರು ಒದೆಯುವ ಮೊದಲೇ ಆಕೆ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿದಳು.

"ಏನಂದಿ ನಿನ್ನ ಹೆಸರು? ಊನಾ? ಯವ್ವಾ, ಊನ ಅನ್ನೂದು ತಾನಾಗೇ ಹೊಸ್ತಿಲಾ ದಾಟಿ ಬಂದ್ರ ಮನಿ ಉದ್ಧಾರ ಆದೀತೇನು? ಇವತ್ತಿಂದ ನೀ ಪೂರ್ಣವ್ವ."

ಕರಿಬಸಪ್ಪ ನೆಲ ನೋಡುತ್ತ, "ಅವ್ವ ಅಂದಂಗ ಆಗ್ಲಿ" ಎಂದ. ಊನಾ ಪೂರ್ಣವ್ವಳಾಗಿ ಒಳಗೆ ಬಂದಳು. ಬೇಸರವಾದರೂ ಒಂದು ಬಗೆಯ ಹಗುರವೂ ಆಯಿತು. ಇನ್ನು ಮೇಲೆ ಯಾರೂ ತನ್ನ ಕೈಕಾಲು ಹುಡುಕಲಾರರು.

ಎರಡು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು. ಸಿಸ್ಟರ್ ಈಟಾ ಆ ವಯಸ್ಸಿನಲ್ಲೂ ಬಸ್ಸು ಹತ್ತಿ ನೋಡಲು ಬಂದರು. ಮಗುವಿನ ಹಣೆ ಮುಟ್ಟಿ, "ಆಶ್ಲಿಂಗ್" ಎಂದರು. ತಮ್ಮ ಭಾಷೆಯಲ್ಲಿ ಕನಸು ಎಂದು ಅದರ ಅರ್ಥ. ನಿದ್ದೆಯಲ್ಲಿ ಸುಮ್ಮನೆ ಬಂದು ಹೋಗುವ ಕನಸಲ್ಲ, ಮುಂದೆ ಆಗುವುದನ್ನು ತೋರಿಸುವ ಕನಸು. ಊನಾ ಆ ಹೆಸರನ್ನು ಬಾಯಲ್ಲೇ ಹೇಳಿಕೊಂಡಳು. ತನಗೆ ಸಿಕ್ಕ ಹೆಸರನ್ನು ಹೊಸ್ತಿಲಲ್ಲಿ ಬಿಟ್ಟು ಬಂದಿದ್ದಳು, ಇದನ್ನು ಬಿಡಲಾರೆ ಎನಿಸಿತು. ಅತ್ತೆ ಏನನ್ನುತ್ತಾಳೋ ಎಂದು ಅಂಜುತ್ತ ಹೇಳಿದಳು.

ಮುತ್ತವ್ವ ಕಿವಿಗೊಟ್ಟು ಕೇಳಿದಳು. "ಆಶ್... ಲಿಂಗ? ಲಿಂಗ ಐತಲ್ಲ ಅದ್ರಾಗ! ಇರ್ಲಿ ಬಿಡು. ಲಿಂಗದ ಹೆಸರು ಚಲೋನ ಐತಿ."

ಜನನ ನೋಂದಣಿಗೆ ಹೋದಾಗ ಗುಮಾಸ್ತ ಸಿಸ್ಟರ್ ಬರೆದುಕೊಟ್ಟಿದ್ದ ಇಂಗ್ಲಿಷ್ ಅಕ್ಷರಗಳನ್ನು ನೋಡಿ, "ಐಸ್‌ಲಿಂಗ್? ಏನಮ್ಮ, ಅಮರನಾಥದಲ್ಲಿರೋ ಲಿಂಗಾನಾ?" ಎಂದು ಕೇಳಿ ತಾನೇ ನಕ್ಕ. ಊನಾ ಕೂಡ ನಕ್ಕಳು. ಆ ವರ್ಷ ಅವಳು ಆಗಾಗ ನಗುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನ ಮುತ್ತವ್ವ ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಹೇಳಿದಳು. ಮಗು ಮಿಸುಕಾಡದೆ ಮಲಗಿತ್ತು. "ಎಂಥಾ ಶಾಂತ ಕೂಸು!" ಎಂದು ಬಂದವರೆಲ್ಲ ಹೊಗಳಿದರು.

ಊಟದ ಡಬ್ಬಿ ತೆಗೆದುಕೊಂಡು ಊನಾ ಶೆಡ್ಡಿಗೆ ಹೋಗುವಾಗ ಮಗುವನ್ನೂ ಒಯ್ಯುತ್ತಿದ್ದಳು. ಅಲ್ಲಿ ಆರು ಜನ ಒಟ್ಟಿಗೆ ತಗಡು ಬಡಿಯುತ್ತಿದ್ದರು. ಆ ಸದ್ದಿಗೆ ದೊಡ್ಡವರೇ ಕಿವಿ ಮುಚ್ಚಿಕೊಳ್ಳಬೇಕು. ಆಶ್ಲಿಂಗ್ ಅಮ್ಮನ ತೊಡೆಯ ಮೇಲೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ಬಾಡಿ ಕಟ್ಟುವವನ ಮಗಳಲ್ಲವೇ, ಹುಟ್ಟಿನಿಂದಲೇ ಅಭ್ಯಾಸ ಎಂದು ಕೆಲಸಗಾರರು ತಮಾಷೆ ಮಾಡಿದರು. ಅಂದು ಊನಾಳಿಗೆ ಮೊದಲ ಸಲ ಒಂದು ಅನುಮಾನ ಬಂತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಒಂದೂವರೆ ವರ್ಷವಾದರೂ ಮಗು ಕರೆದರೆ ತಿರುಗಲಿಲ್ಲ. ಮುತ್ತವ್ವ ತಪ್ಪನ್ನು ಹೆಸರಿನ ಮೇಲೆ ಹಾಕಿದಳು.

"ಪರದೇಶಿ ಹೆಸರಿಗೆ ನಮ್ಮ ಕೂಸು ಹೆಂಗ ಓ ಅಂದೀತು? ಕೂಸಿಗೆ ತನ್ನ ಹೆಸರ ತಿಳೀವಲ್ದು!"

ಶಿವಯೋಗಿ ಎಂಬ ಶಾಸ್ತ್ರ ಹೇಳುವವನೊಬ್ಬ ವಿಜಯನಗರದಲ್ಲಿದ್ದ. ಅವನು ನಕ್ಷತ್ರ ನೋಡಿ ಗಿರಿಜಾ ಎಂದು ಇಡಲು ಹೇಳಿದ. ಮತ್ತೆ ತೊಟ್ಟಿಲು, ಮತ್ತೆ ಕಿವಿಯಲ್ಲಿ ಮೂರು ಸಲ. ಬೆನ್ನ ಹಿಂದೆ ನಿಂತು ಎಲ್ಲರೂ "ಗಿರಿಜಾ, ಗಿರಿಜಾ" ಎಂದು ಚಪ್ಪಾಳೆ ತಟ್ಟಿದರು. ಮಗು ಗೋಡೆಯ ಮೇಲಿನ ಇರುವೆ ಸಾಲು ನೋಡುತ್ತ ಕೂತಿತ್ತು. ಗಿರಿಜಾ ಹೋಗಿ ನೀಲಮ್ಮ ಆಯಿತು. ನೀಲಮ್ಮ ಹೋಗಿ ಮನೆದೇವರ ಹೆಸರಾಯಿತು. ಒಂದೊಂದು ಹೆಸರಿಗೂ ಆರೇಳು ತಿಂಗಳು ಕಾದರು. ಒಮ್ಮೊಮ್ಮೆ ಮಗು ತಾನಾಗಿಯೇ ತಲೆ ತಿರುಗಿಸುತ್ತಿತ್ತು. ಆಗ ಮನೆಯೆಲ್ಲ ಹಬ್ಬ. ಮರುದಿನ ಮತ್ತೆ ಮೌನ. ಆ ಹಬ್ಬದಲ್ಲಿ ಊನಾಳೂ ಸೇರಿ ಕುಣಿಯುತ್ತಿದ್ದಳು. ಗೊತ್ತಿದ್ದೂ ಕುಣಿಯುತ್ತಿದ್ದಳು.

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮಗುವಿಗೆ ನಾಲ್ಕು ದಾಟಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಎರಡು ಕಿವಿಯೂ ಹುಟ್ಟಿನಿಂದಲೇ ಕೇಳುವುದಿಲ್ಲ ಎಂದರು.

"ಒಂದು ವರ್ಷದ ಮಗು ಇದ್ದಾಗಲೇ ಬಂದಿದ್ರೆ ಕಿವಿಗೆ ಮಿಷನ್ ಹಾಕಿ ಮಾತು ಕಲಿಸೋಕೆ ಶುರು ಮಾಡ್ಬಹುದಿತ್ತು. ಅಷ್ಟೋ ಇಷ್ಟೋ ಮಾತು ಬರ್ತಿತ್ತು. ಈಗ ಬಹಳ ಕಷ್ಟ. ಇಷ್ಟು ವರ್ಷ ಏನ್ ಮಾಡ್ತಾ ಇದ್ರಮ್ಮ?"

ಹೆಸರು ಬದಲಾಯಿಸ್ತಾ ಇದ್ವಿ ಎಂದು ಹೇಳಲು ಊನಾಳಿಗೆ ಬಾಯಿ ಬರಲಿಲ್ಲ.

ಮನೆಗೆ ಬಂದ ಮೇಲೆ ಮುತ್ತವ್ವ ಒಲೆಯ ಮುಂದೆ ಕೂತು ಒಂದೇ ಮಾತು ಹೇಳಿದಳು. "ಪೂರ್ಣವ್ವ ಅಂತ ಕರದ್ರ ಏನಾತು? ಊನದ ಹೊಟ್ಟ್ಯಾಗ ಊನಾನ ಹುಟ್ಟಿತು." ಕರಿಬಸಪ್ಪ ಆ ದಿನವೂ ನೆಲ ನೋಡಿದ. ಮುಂದೆ ಅವನು ಮಗಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಮನೆಯಲ್ಲಿ ಪೂರ್ಣವ್ವ ಎನ್ನುವುದೂ ನಿಂತುಹೋಯಿತು.

ಊನಾ ಮಗಳನ್ನು ಎತ್ತಿಕೊಂಡು ಕೆಂಗೇರಿಗೆ ಹೋದಳು. ಸಿಸ್ಟರ್ ಈಟಾ ಹಾಸಿಗೆ ಹಿಡಿದಿದ್ದರು. ಮುಪ್ಪಿಗೆ ಮರೆವು ಹತ್ತಿ ಮೊದಲು ಕನ್ನಡ ಹೋಗಿತ್ತು, ಆಮೇಲೆ ಇಂಗ್ಲಿಷೂ ಹೋಗಿತ್ತು. ಉಳಿದದ್ದು ಅವರು ಚಿಕ್ಕವರಾಗಿದ್ದಾಗ ಮನೆಯಲ್ಲಿ ಆಡಿದ ಭಾಷೆಯೊಂದೇ.

"ಸಿಸ್ಟರ್, ನಾನು. ಊನಾ."

ಮುದುಕಿಯ ಕಣ್ಣು ಅರಳಿತು. "ಊನಾ," ಎಂದರು. ಅವಳ ಕೈ ಹಿಡಿದುಕೊಂಡು, ಮಗುವಿನ ಕೆನ್ನೆ ಮುಟ್ಟಿ, ಅವರದೇ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಬುದ್ಧಿ ಹೇಳಿದ ಹಾಗೂ ಇತ್ತು, ಕ್ಷಮೆ ಕೇಳಿದ ಹಾಗೂ ಇತ್ತು. ಊನಾ ಪಕ್ಕದಲ್ಲಿದ್ದ ಕೇರಳದ ಸಿಸ್ಟರನ್ನು ನೋಡಿದಳು.

"ನಮಗೂ ತಿಳಿಯಲ್ಲಮ್ಮ. ಬೆಂಗಳೂರಲ್ಲಿ ಈ ಭಾಷೆ ಗೊತ್ತಿರೋರು ಯಾರಿದಾರೆ?"

ಮಳೆಗಾಲ ಕಳೆಯುವ ಮೊದಲೇ ಸಿಸ್ಟರ್ ಈಟಾ ತೀರಿಕೊಂಡರು. ಅವರು ಕೊನೆಗೆ ಹೇಳಿದ್ದೇನು ಎಂಬುದು ಊನಾಳಿಗೆ ತಿಳಿಯದೇ ಉಳಿಯಿತು.

ಆಶ್ಲಿಂಗ್‌ಳನ್ನು ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಶನಿವಾರದ ಮಧ್ಯಾಹ್ನ ತಾಯಂದಿರಿಗೂ ಸನ್ನೆಭಾಷೆ ಹೇಳಿಕೊಡುತ್ತಿದ್ದರು. ಊನಾ ಎರಡು ಸಲ ಹೋದಳು. ಮನೆಗೆ ಬಂದು ಕೈಯಾಡಿಸಿ ಅಭ್ಯಾಸ ಮಾಡುವುದನ್ನು ಕಂಡು ಕರಿಬಸಪ್ಪ, "ಬ್ಯಾಡ, ಓಣ್ಯಾಗ ಮಂದಿ ನೋಡ್ತಾರ" ಎಂದ. ಅವನು ಅವಳಿಗೆ ಎದುರಾಡಿದ್ದು ಅದೊಂದೇ ಸಲ. ಅವಳು ನಿಲ್ಲಿಸಿದಳು. ಊಟ, ನೀರು, ಬಾ, ಮಲಗು, ಇಷ್ಟಕ್ಕೆ ತಾಯಿ ಮಗಳ ನಡುವೆ ಮೊದಲಿನಿಂದ ಇದ್ದ ಸನ್ನೆಗಳು ಸಾಕು ಎಂದುಕೊಂಡಳು. ರಜೆಗೆ ಬಂದ ಮಗಳು ಮೊದಮೊದಲು ಶಾಲೆಯ ಸುದ್ದಿಯನ್ನೆಲ್ಲ ಎರಡೂ ಕೈಯಲ್ಲಿ ಸುರಿಯುತ್ತಿದ್ದಳು. ಅಮ್ಮ ಹೂಂ ಎಂದು ತಲೆಯಾಡಿಸುತ್ತಿದ್ದಳು. ವರ್ಷ ಕಳೆದಂತೆ ಮಗಳ ಕೈಗಳು ಮನೆಯಲ್ಲಿ ಮಡಿಲಿಗೆ ಇಳಿದವು.

ಮುತ್ತವ್ವಳಿಗೆ ಕಾಯಿಲೆಯಾದಾಗ ಕರಿಬಸಪ್ಪ ಅವಳನ್ನು ಊರಿಗೆ ಕರೆದುಕೊಂಡು ಹೋದ. ತಾಯಿ ತೀರಿಕೊಂಡ ಮೇಲೂ ತಿರುಗಿ ಬರಲಿಲ್ಲ. ಅಲ್ಲಿ ಬೇರೆ ಸಂಸಾರವಾಗಿದೆ ಎಂದು ಶೆಡ್ಡಿನವರು ಹೇಳಿದರು. ಊನಾ ಹುಡುಕಿಕೊಂಡು ಹೋಗಲಿಲ್ಲ. ವಿಜಯನಗರದ ಒಂದು ಪ್ಲೇ ಹೋಮಿನಲ್ಲಿ ಆಯಾ ಕೆಲಸಕ್ಕೆ ಸೇರಿದಳು. ದಿನವಿಡೀ ಚಿಕ್ಕ ಮಕ್ಕಳ ಹೆಸರು ಕೂಗುವ ಕೆಲಸ. ಒಂದು ಸಲ ಕೂಗಿದರೆ ಮಕ್ಕಳು ಥಟ್ಟನೆ ತಿರುಗುತ್ತಿದ್ದವು. ಎಷ್ಟು ವರ್ಷವಾದರೂ ಅವಳಿಗೆ ಅದು ರೂಢಿಯಾಗಲಿಲ್ಲ.

ಮಗಳಿಗೆ ಹತ್ತೊಂಬತ್ತಾದಾಗ ಕುಂಬಳಗೋಡಿನ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವಳ ಶಾಲೆಯವರೇ ಹಲವರಿದ್ದರು. ಅವರೊಡನೆ ನಾಗರಬಾವಿಯಲ್ಲಿ ರೂಮು ಮಾಡಿದಳು. ನಾಯಂಡಹಳ್ಳಿಯಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. ಆದರೂ ಅವಳು ಮನೆಗೆ ಬರುವುದು ಅಪರೂಪವಾಯಿತು. ಒಂದು ಭಾನುವಾರ ಊನಾ ತಾನೇ ಚಕ್ಕುಲಿ ಡಬ್ಬಿ ಹಿಡಿದು ಹೋದಳು.

ರೂಮಿನಲ್ಲಿ ನಾಲ್ವರು ಹುಡುಗಿಯರು ಗೋಡೆಗೆ ಒರಗಿ ಕೂತಿದ್ದರು. ಸದ್ದಿಲ್ಲದ ಆ ಕೋಣೆಯಲ್ಲಿ ಎಷ್ಟು ಗದ್ದಲ! ಎಂಟು ಕೈಗಳು ಒಂದರ ಮೇಲೊಂದು ಬಿದ್ದು ಮಾತಾಡುತ್ತಿದ್ದವು. ಆಶ್ಲಿಂಗ್ ಭುಜ ಕುಣಿಸಿ, ಯಾರನ್ನೋ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ತನ್ನ ಮಗಳು ಇಷ್ಟು ಮಾತುಗಾತಿ ಎಂದು ಊನಾಳಿಗೆ ಅಂದೇ ಗೊತ್ತಾದದ್ದು. ಅಮ್ಮನನ್ನು ಕಂಡೊಡನೆ ಮಗಳ ಕೈ ನಿಂತಿತು.

ಅವರಲ್ಲಿ ಶೈಲಾ ಎಂಬುವಳಿಗೆ ಕಿವಿಗೆ ಮಿಷನ್ ಇತ್ತು, ಸ್ವಲ್ಪ ತೊದಲಾದರೂ ಮಾತು ಬರುತ್ತಿತ್ತು. ಅವಳೇ ಚಹಾ ತಂದುಕೊಟ್ಟಳು. ಊನಾ ಗಮನಿಸುತ್ತಿದ್ದಳು. ಗೆಳತಿಯರು ಮಗಳನ್ನು ಕುರಿತು ಹೇಳುವಾಗಲೆಲ್ಲ ಎರಡು ಬೆರಳಿನಿಂದ ಎಡ ಹುಬ್ಬನ್ನು ತಟ್ಟುತ್ತಿದ್ದರು.

"ಏನಮ್ಮ ಅದು, ಹುಬ್ಬು ಮುಟ್ಕೊಳ್ಳೋದು?"

"ಅದು ಇವಳ ಹೆಸರು ಆಂಟಿ. ಇವಳ ಹುಬ್ಬಲ್ಲಿ ಗಾಯದ ಗುರುತು ಇದೆಯಲ್ಲ, ಅದಕ್ಕೆ. ಒಂದನೇ ಕ್ಲಾಸಿಂದಾನೂ ಇದೇ ಹೆಸರು."

ಹದಿನಾಲ್ಕು ವರ್ಷ ಎಲ್ಲರೂ ಕರೆದ ಹೆಸರು, ಹೆತ್ತವಳಿಗೆ ತಿಳಿದಿರಲಿಲ್ಲ. ಊನಾ ಚಹಾ ಲೋಟ ಕೆಳಗಿಟ್ಟಳು.

"ಅವಳಿಗೆ ಒಂದು ಮಾತು ಹೇಳ್ತೀಯಾ ಶೈಲಾ? ನಾನು ಇಟ್ಟ ಹೆಸರು ಆಶ್ಲಿಂಗ್. ಅದಕ್ಕೆ ಕನಸು ಅಂತ ಅರ್ಥ. ನಂಗೆ ಅದನ್ನ ಹೇಳೋಕೆ ಯಾವತ್ತೂ ಆಗ್ಲಿಲ್ಲ."

ಶೈಲಾ ಕೈಯಲ್ಲಿ ಹೇಳಿದಳು. ಮಗಳು ಉತ್ತರ ಕೊಟ್ಟಳು.

"ಗೊತ್ತು ಅಂತಾಳೆ ಆಂಟಿ. ಫೋನಲ್ಲಿ ಹುಡುಕಿ ನೋಡಿದ್ಲಂತೆ. ನಿಮ್ಮ ಹೆಸರೂ ನೋಡಿದ್ಲಂತೆ."

"ನಂದು ಕುರಿಮರಿ ಅಲ್ವಾ?"

"ಕೆಲವರು ಹಾಗಂತಾರಂತೆ. ಇನ್ನು ಕೆಲವರು... ಹಸಿವು ಅಂತಾರಂತೆ. ಬರಗಾಲದ ಹಸಿವು. ಸರಿಯಾಗಿ ಯಾರಿಗೂ ಗೊತ್ತಿಲ್ವಂತೆ."

ಸಿಸ್ಟರ್ ಈಟಾಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ಅಳುವ ಹುಡುಗಿಗೆ ಒಳ್ಳೆಯದನ್ನು ಮಾತ್ರ ಆರಿಸಿ ಕೊಟ್ಟರೇ? ಊನಾ ಯೋಚಿಸುತ್ತಿರುವಾಗಲೇ ಮಗಳ ಕೈ ಮತ್ತೆ ಆಡಿತು. ಈ ಸಲ ನಿಧಾನವಾಗಿ, ನೇರವಾಗಿ ಅಮ್ಮನ ಮುಖ ನೋಡಿ.

"ಅವಳು ಕೇಳ್ತಾ ಇದಾಳೆ," ಎಂದಳು ಶೈಲಾ. "ಆ ಹೆಸರನ್ನ ನಾನು ಒಂದ್ಸಲನೂ ಕೇಳಿಲ್ಲ. ಅದು ನಿಂದು, ನಂದಲ್ಲ. ಶನಿವಾರ ಎಲ್ಲರ ಅಮ್ಮಂದಿರೂ ಸ್ಕೂಲಿಗೆ ಬರ್ತಾ ಇದ್ರು, ಸನ್ನೆ ಕಲಿಯೋಕೆ. ನೀನ್ಯಾಕೆ ಬರ್ಲಿಲ್ಲ? ಹಾಗಂತ ಕೇಳ್ತಾ ಇದಾಳೆ ಆಂಟಿ."

ಅಪ್ಪ ಬೇಡ ಅಂದರು ಎನ್ನಬಹುದಿತ್ತು. ಅಪ್ಪ ಹೋಗಿ ಆರು ವರ್ಷವಾಗಿತ್ತು. ಊನಾ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು ಎಲ್ಲರ ಮುಂದೆ ಇಟ್ಟಳು.

ಆಮೇಲೆ ಮಗಳೇ ಅವಳಿಗೊಂದು ಫೋನು ಕೊಡಿಸಿದಳು. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಬರೆದು ಕಳಿಸುವುದು ಮಗಳಿಗೆ ಆಗದು. ಬರೆದರೆ ವಾಕ್ಯ ಮುರಿಯುತ್ತದೆ, ಜನ ನಗುತ್ತಾರೆ ಎಂಬ ನಾಚಿಕೆ. 'ಊಟ ಆಯ್ತ' ಎನ್ನುವಷ್ಟು ಬರೆಯುತ್ತಿದ್ದಳು. ದೊಡ್ಡ ಮಾತೆಲ್ಲ ಕೈಯಲ್ಲೇ. ಊನಾ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಮಗಳ ಕೈ ನೋಡುತ್ತ, ಅವಳು ನಕ್ಕಾಗ ನಕ್ಕು, ಹುಬ್ಬೇರಿಸಿದಾಗ ಹೂಂ ಎಂದು ತಲೆಯಾಡಿಸುತ್ತಿದ್ದಳು. ತಿಳಿಯಲಿಲ್ಲ ಎಂದು ಹೇಳಲು ಆ ಭಾನುವಾರದ ನಂತರ ಅವಳಿಗೆ ಧೈರ್ಯವೇ ಇರಲಿಲ್ಲ. ತಲೆಯಾಡಿಸಿದರೆ ಮಗಳು ಇನ್ನೂ ಸ್ವಲ್ಪ ಹೊತ್ತು ಎದುರಿಗಿರುತ್ತಿದ್ದಳು.

ಒಂದು ಸಂಜೆ ಮಗಳು ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದಳು. ಕೊನೆಯಲ್ಲಿ ಹುಬ್ಬೇರಿಸಿ, ಬಾ ಎಂಬಂತೆ ಕೈ ಮಾಡಿ ಏನೋ ಕೇಳಿದಳು. ಊನಾ ಜೋರಾಗಿ ತಲೆಯಾಡಿಸಿದಳು. ಮಗಳ ಮುಖ ಎಷ್ಟು ಅರಳಿತೆಂದರೆ, ಹಾಗೆ ಅರಳಿದ್ದನ್ನು ಊನಾ ಅವಳು ಚಿಕ್ಕವಳಿದ್ದಾಗ ಮಾತ್ರ ಕಂಡಿದ್ದಳು.

ಮರುವಾರ ಕಾಲ್ ಬರಲಿಲ್ಲ. ಮಾಡಿದರೆ ಎತ್ತಲಿಲ್ಲ. ಊನಾ ನಾಗರಬಾವಿಗೆ ಓಡಿದಳು. ರೂಮಿನಲ್ಲಿ ಶೈಲಾ ಒಬ್ಬಳೇ ಇದ್ದಳು.

"ನೀವ್ಯಾಕೆ ಬರ್ಲಿಲ್ಲ ಆಂಟಿ?"

"ಎಲ್ಲಿಗಮ್ಮ?"

ಶೈಲಾ ಅವಳ ಮುಖವನ್ನೇ ನೋಡಿದಳು. "ಸಿಟಿ ಸ್ಟೇಷನ್‌ಗೆ. ಕೊಯಮತ್ತೂರಲ್ಲಿ ಕೆಲಸ ಸಿಕ್ತಲ್ಲ, ಬುಧವಾರ ಮಧ್ಯಾಹ್ನ ಹೋದ್ರು ಮೂರು ಜನಾನೂ. ಅಮ್ಮ ಬರ್ತೀನಿ ಅಂದಿದಾರೆ ಅಂತ ಅವಳು ರೈಲು ಹತ್ತದೆ ನಿಂತೇ ಇದ್ಲು. ಕೊನೇಲಿ ನಾನೇ ತಳ್ಳಿ ಹತ್ತಿಸ್ದೆ."

ಊನಾ ಹೊಸ್ತಿಲಲ್ಲೇ ಕೂತಳು. ಅಳಲಿಲ್ಲ. ಬುಧವಾರ ಮಧ್ಯಾಹ್ನ ತಾನು ಪ್ಲೇ ಹೋಮಿನಲ್ಲಿ ಮಕ್ಕಳ ಶೂ ಹಾಕುತ್ತಿದ್ದುದು ನೆನಪಿಗೆ ಬಂತು, ಅಷ್ಟೆ.

"ನಂಗೆ ಅರ್ಥ ಆಗಿರ್ಲಿಲ್ಲ ಶೈಲಾ. ಸುಮ್ನೆ ತಲೆ ಆಡಿಸ್ದೆ. ಯಾವಾಗಲೂ ಸುಮ್ನೆ ಆಡಿಸ್ತಾ ಇದ್ದೆ. ಅವಳಿಗೆ ನೀನೇ ಕಾಲ್ ಮಾಡಿ ಹೇಳಿಬಿಡಮ್ಮ."

"ನಾನು ಹೇಳ್ಬಹುದು ಆಂಟಿ," ಎಂದಳು ಶೈಲಾ. "ಆದ್ರೆ ನೀವೇ ಹೇಳಿ. ಹೇಳ್ಕೊಡ್ತೀನಿ."

ಮೂರು ಭಾನುವಾರ ಊನಾ ಆ ರೂಮಿಗೆ ಹೋಗಿ ಕಲಿತಳು. ಬಟ್ಟೆ ಒಗೆದು, ಮಕ್ಕಳನ್ನು ಎತ್ತಿ ಪೆಡಸಾದ ಬೆರಳುಗಳು ಬೇಕಾದಲ್ಲಿ ಬಾಗುತ್ತಿರಲಿಲ್ಲ. ನಾಲ್ಕನೆಯ ವಾರಕ್ಕೆ ಶೈಲಾಳ ಅಣ್ಣ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದ. ಮದುವೆ ಗೊತ್ತಾಗಿತ್ತು.

ಕೊನೆಗೊಂದು ದಿನ ಮಗಳು ಕಾಲ್ ಎತ್ತಿದಳು. ಹಿಂದೆ ಯಾವುದೋ ಹಾಸ್ಟೆಲಿನ ಎರಡಂತಸ್ತಿನ ಮಂಚಗಳು ಕಾಣುತ್ತಿದ್ದವು. ಮುಖ ಸೊರಗಿತ್ತು, ಅಥವಾ ಬೆಳಕು ಕಡಿಮೆಯಿತ್ತು. ಊನಾ ಫೋನನ್ನು ಕಿಟಕಿಗೆ ಒರಗಿಸಿ ಎರಡೂ ಕೈ ಬಿಡಿಸಿಕೊಂಡಳು. ಮೊದಲು ಎಡ ಹುಬ್ಬು ತಟ್ಟಿದಳು. ಆಮೇಲೆ ಒಂದೊಂದಾಗಿ, ನಡುನಡುವೆ ಮರೆತು ನಿಂತು ಹೇಳಿದಳು. ರೈಲು. ನಾನು. ಗೊತ್ತಿಲ್ಲ. ತಪ್ಪು. ನಂದು.

ಮಗಳು ಅಲುಗಾಡದೆ ನೋಡಿದಳು. ಅವಳ ಕಣ್ಣು ತುಂಬಿತೋ ಪರದೆಯೇ ಮಂಜಾಯಿತೋ ತಿಳಿಯಲಿಲ್ಲ. ಆಮೇಲೆ ಅವಳ ಕೈಗಳು ಎದ್ದವು. ವೇಗವಾಗಿ, ಬಹಳ ಹೊತ್ತು ಏನೋ ಹೇಳಿದವು. ಅದರಲ್ಲಿ ಊನಾಳಿಗೆ ಗುರುತು ಸಿಕ್ಕಿದ್ದು ಅಮ್ಮ ಎನ್ನುವುದೊಂದೇ. ಅವಳು ಈ ಸಲ ಹೂಂ ಅನ್ನಲಿಲ್ಲ. ತಿಳಿಯಲಿಲ್ಲ ಎಂದು ತಲೆ ಅಡ್ಡಡ್ಡ ಆಡಿಸಿದಳು. ಮಗಳು ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಹೇಳಿದಳು. ಊನಾ ಮತ್ತೆ ಅಡ್ಡಡ್ಡ ಆಡಿಸಿದಳು. ಅಷ್ಟರಲ್ಲಿ ಹಿಂದೆ ಯಾರೋ ಬಂದು ಮಗಳ ಭುಜ ತಟ್ಟಿ ಗಡಿಯಾರ ತೋರಿಸಿದರು. ಅವಳು ಅತ್ತ ತಿರುಗಿದಳು. ಪರದೆ ಕಪ್ಪಾಯಿತು.